‘ತಗ್ಗು ಉಬ್ಬುಶಿಲ್ಪ’ ಸರಿಯೇ?

ಪ್ರಶ್ನೆ: ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ವೀರಗಲ್ಲು ತೋರಿಸಿ ಮಾತಾಡುವವರಿಗಾಗಿ ಒಂದು ಟಿಪ್ಪಣಿ ಬರೆಯುತ್ತಿದ್ದೇವೆ. ‘ಲೋ ರಿಲೀಫ್’ (ಹಿನ್ನೆಲೆಯ ಕಲ್ಲಿನಿಂದ ಸ್ವಲ್ಪವೇ ಹೊರಬಂದ ಶಿಲ್ಪ), ‘ಹೈ ರಿಲೀಫ್’ (ಹೆಚ್ಚು ಹೊರಬಂದದ್ದು) ಇವುಗಳಿಗೆ ಕರಡಿನಲ್ಲಿ ‘ತಗ್ಗು ಉಬ್ಬುಶಿಲ್ಪ’, ‘ಎತ್ತರ ಉಬ್ಬುಶಿಲ್ಪ’ ಎಂದಿದೆ. ಹಿರಿಯರೊಬ್ಬರು ‘ಅರ್ಧಚಿತ್ರ’ ಸಾಕು ಎನ್ನುತ್ತಾರೆ. ಬಲ್ಲವರು ತಿಳಿಸಿ.

ಉತ್ತರ: ‘ತಗ್ಗು’ ಖಂಡಿತ ಬೇಡ. ತಗ್ಗು ಎಂದರೆ ನಮಗೆ ಕುಳಿ, ಹಳ್ಳ. ‘ತಗ್ಗು ಉಬ್ಬು’ ಎಂದರೆ ಆಕೃತಿ ಒಳಗಿದೆಯೋ ಹೊರಗಿದೆಯೋ ತಿಳಿಯುವುದೇ ಇಲ್ಲ. ನಿಜವಾಗಿ ತಗ್ಗಿನಲ್ಲಿರುವ ಶಿಲ್ಪವೂ ಉಂಟು: ಈಜಿಪ್ಟಿನ ದೇಗುಲಗಳ ಹೊರಗೋಡೆಗಳಲ್ಲಿ ಸುತ್ತುಗೆರೆಯನ್ನು ಆಳವಾಗಿ ಕಡಿದು, ಆಕೃತಿ ಗೋಡೆಯ ಮಟ್ಟ ಮೀರದಂತೆ ಒಳಗೇ ಉಳಿಸಿದ್ದಾರೆ. ‘ತಗ್ಗುಶಿಲ್ಪ’ ಅದಕ್ಕಿರಲಿ.

‘ಅರ್ಧಚಿತ್ರ’ ಶಾಸ್ತ್ರಕ್ಕೆ ಸಮ್ಮತವೇ. ಶಿಲ್ಪಶಾಸ್ತ್ರದಲ್ಲಿ ಸುತ್ತಲೂ ಮೈತಳೆದ ಮೂರ್ತಿ ‘ಚಿತ್ರ’, ಅರ್ಧ ಮೈ ಕಾಣುವುದು ‘ಅರ್ಧಚಿತ್ರ’, ಗೋಡೆ ಬಟ್ಟೆಗಳ ಮೇಲೆ ಬಣ್ಣದಲ್ಲಿ ಬರೆದದ್ದು ‘ಚಿತ್ರಾಭಾಸ’. ಆದರೆ ಇಂದು ಚಿತ್ರ ಎಂದರೆ ಬಣ್ಣದ್ದು, ಇಲ್ಲವೇ ಫೋಟೋ. ಕಲ್ಲಿನ ಮುಂದೆ ನಿಂತು ‘ಅರ್ಧಚಿತ್ರ’ ಎಂದರೆ ಮಕ್ಕಳು ಮುಗಿಯದೆ ಉಳಿದ ಚಿತ್ರ ಎಂದುಕೊಂಡಾರು.

‘ತೆಳು ಉಬ್ಬು’, ‘ತುಂಬು ಉಬ್ಬು’, ‘ದುಂಡುಶಿಲ್ಪ’ ಎನ್ನಬಹುದು. ಆಕೃತಿಯ ಸಹಜ ದಪ್ಪದಲ್ಲಿ ಅರ್ಧಕ್ಕಿಂತ ಕಡಿಮೆ ಹೊರಬಂದಿದ್ದರೆ ತೆಳು. ಅರ್ಧವೋ ಅದಕ್ಕೂ ಹೆಚ್ಚೋ ಬಂದಿದ್ದರೆ ತುಂಬು. ಸುತ್ತಲೂ ಮೈತಳೆದು, ಸುತ್ತಿ ನೋಡಬಹುದಾದದ್ದು ದುಂಡುಶಿಲ್ಪ. ಬೇಲೂರಿನ ಮದನಿಕೆಯರನ್ನು ಎಲ್ಲಿ ಸೇರಿಸುವುದೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೈಕಾಲುಗಳ ಹಿಂದಿನ ಕಲ್ಲನ್ನೂ ಕಡಿದು ತೆಗೆದಿದ್ದರೂ ಬೆನ್ನ ಹಿಂದೆ ಕಲ್ಲು ಉಳಿದಿದೆ, ಸುತ್ತಿ ನೋಡಲಾಗದು. ಹಾಗಾಗಿ ತುಂಬು ಉಬ್ಬು.

ವೀರಗಲ್ಲಿನ ಮುಂದೆ ಕ್ರಿಯಾಪದಕ್ಕೂ ಗಮನ ಬೇಕು. ಸಾಮಾನ್ಯವಾಗಿ ಕೆಳಗಿನ ಅಂಕಣದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ, ಇವೆಲ್ಲ ಉಬ್ಬು. ಅಂಕಣಗಳ ನಡುವಣ ಪಟ್ಟಿಯ ಬರಹ ಮಾತ್ರ ಒಳಕ್ಕೆ ಕೊರೆದದ್ದು. ಎರಡಕ್ಕೂ ‘ಕೆತ್ತಿದ್ದಾರೆ’ ಎಂದರೆ ಈ ಭೇದ ಯಾರಿಗೂ ಕಾಣದು. ‘ಉಬ್ಬಿಸಿದ್ದಾರೆ’ ಎಂಬುದಂತೂ ತಪ್ಪು: ಶಿಲ್ಪಿ ಸುತ್ತಲಿನ ಕಲ್ಲನ್ನು ಕಡಿದು ತಗ್ಗಿಸುತ್ತಾನೆ, ಆಕೃತಿ ಮೂಲ ಮಟ್ಟದಲ್ಲೇ ಉಳಿಯುತ್ತದೆ. ಉಬ್ಬಿಸುವುದು ಬೆಳ್ಳಿ ಪ್ರಭಾವಳಿಯ ಕೆಲಸ. ಅಲ್ಲಿ ತಗಡನ್ನು ಅರಗಿನ ಮೇಲಿಟ್ಟು ಹಿಂಬದಿಯಿಂದ ಬಡಿಯುತ್ತಾರೆ. ಆಕೃತಿಗೆ ‘ಕಡೆದಿದ್ದಾರೆ’, ಅಕ್ಷರಕ್ಕೆ ‘ಕೊರೆದಿದ್ದಾರೆ’ ಎಂದು ಬರೆಯಿರಿ.

ನಿಮ್ಮ ಟಿಪ್ಪಣಿಯಲ್ಲಿ ಬೆಳಕಿನ ವಿಷಯವೂ ಸೇರಲಿ, ಏಕೆಂದರೆ ಉಬ್ಬು ಎಂದು ಹೇಳಿದ್ದು ಕಣ್ಣಿಗೆ ಕಾಣಬೇಕಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮೋಡದ ಬೆಳಕು ಎಲ್ಲ ಕಡೆಯಿಂದ ಸಮನಾಗಿ ಬಿದ್ದು ನೆರಳೇ ಮೂಡುವುದಿಲ್ಲ. ಸವೆದ ತೆಳು ಉಬ್ಬು ಚಪ್ಪಟೆಯಾಗಿಬಿಡುತ್ತದೆ. ಎದುರಿನಿಂದ ಹೊಡೆಯುವ ಕ್ಯಾಮೆರಾ ಫ್ಲ್ಯಾಶಿನಿಂದಲೂ ಇದೇ ತೊಂದರೆ. ಟಾರ್ಚನ್ನು ಮೇಲಿನ ಎಡಮೂಲೆಯಿಂದ, ಕಲ್ಲಿನ ಮೈಗೆ 10ರಿಂದ 20 ಡಿಗ್ರಿ ಓರೆಯಾಗಿ ಹಿಡಿದರೆ ಕತ್ತಿಯ ಅಂಚು, ಕುದುರೆಯ ಲಗಾಮು ಎದ್ದು ಬರುತ್ತವೆ. ಕೆಳಗಿನಿಂದ ಹಿಡಿಯಬೇಡಿ. ಬೆಳಕು ಮೇಲಿನಿಂದಲೇ ಬರುತ್ತದೆಂದು ಕಣ್ಣು ಎಣಿಸುವುದರಿಂದ, ಫೋಟೋದಲ್ಲಿ ಉಬ್ಬು ಕುಳಿಯಂತೆಯೂ ಕೊರೆದ ಅಕ್ಷರ ಉಬ್ಬಿನಂತೆಯೂ ಕಾಣಬಹುದು. ಅಕ್ಷರ ಓದಲೆಂದು ಸೀಮೆಸುಣ್ಣ ಉಜ್ಜುವವರನ್ನು ದಯವಿಟ್ಟು ತಡೆಯಿರಿ. ಪುಡಿ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಕೂತುಬಿಡುತ್ತದೆ, ಅದನ್ನು ತೆಗೆಯಲು ತಿಕ್ಕಿದರೆ ಅಕ್ಷರದ ಅಂಚೇ ಸವೆಯುತ್ತದೆ. ಓರೆ ಬೆಳಕಿನಲ್ಲಿ ಅದೇ ಅಕ್ಷರವನ್ನು ಕಲ್ಲು ಮುಟ್ಟದೆ ಓದಬಹುದು.