ಸಿಯಾಟಲ್‌ನಿಂದ ಬ್ಯಾನ್ಫ್‌ಗೆ ಟ್ರಾವೆಲ್ ಟ್ರೇಲರ್ ಎಳೆದುಕೊಂಡು: ನಮ್ಮ ಎಸ್‌ಯುವಿ ಸಾಕೇ?

ಪ್ರಶ್ನೆ: ಜುಲೈನಲ್ಲಿ ಹೆಂಡತಿ, ಇಬ್ಬರು ಮಕ್ಕಳ ಜೊತೆ ಕೆನಡಾದ ಬ್ಯಾನ್ಫ್‌ಗೆ ಹೊರಟಿದ್ದೇವೆ. ಟ್ರೇಲರ್ (ಕಾರಿನ ಹಿಂದೆ ಎಳೆದೊಯ್ಯುವ ಚಕ್ರದ ಮನೆ) ಬಾಡಿಗೆಯದು, ಖಾಲಿ ತೂಕ 3,900 ಪೌಂಡ್. ಕಾರಿನ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲಿನ ಚೀಟಿಯಲ್ಲಿ 5,000/500 ಎಂದಿದೆ. 1,100 ಪೌಂಡ್ ಉಳಿಯುತ್ತದಲ್ಲ, ಧೈರ್ಯವಾಗಿ ಹೋಗಬಹುದೇ ಸರ್?

ಉತ್ತರ: ಈ ಜೋಡಿ ಬೇಡ ಸರ್. ನೀವು ಎಳೆಯಬಹುದಾದ ಒಟ್ಟು ತೂಕ 5,000 ನೋಡುತ್ತಿದ್ದೀರಿ, ಮೊದಲು ಮುಗಿಯುವುದು 500. ಅದು ಟಂಗ್ ವೇಟ್, ಅಂದರೆ ಟ್ರೇಲರ್‌ನ ಮೂತಿ ಹಿಚ್ ಮೇಲೆ ಒತ್ತುವ ಭಾರ.

ಲೆಕ್ಕ ಹಾಕಿ. 40 ಗ್ಯಾಲನ್ ನೀರು 334 ಪೌಂಡ್, ತುಂಬಿದ ಎರಡು ಪ್ರೊಪೇನ್ ಸಿಲಿಂಡರ್ 74, ಬ್ಯಾಟರಿ 60, ಪಾತ್ರೆ, ಬಟ್ಟೆ, ದಿನಸಿ 400. ಒಟ್ಟು 4,768. ಟ್ರೇಲರ್ ನೆಟ್ಟಗೆ ಓಡಬೇಕಾದರೆ ಅದರ ತೂಕದ ಶೇ. 10ರಿಂದ 15 ಮೂತಿಯ ಮೇಲಿರಬೇಕು. ಶೇ. 12 ಎಂದರೂ 572. ನೀರಿಲ್ಲದೆ ಹೊರಟರೂ 532. ಸಾಮಾನನ್ನು ಹಿಂದಕ್ಕೆ ಸರಿಸಿ 500ರೊಳಗೆ ತರುತ್ತೇನೆ ಎನ್ನಬೇಡಿ. ಹಿಂಭಾರವಾದ ಟ್ರೇಲರ್ ದೊಡ್ಡ ಲಾರಿ ಪಕ್ಕದಲ್ಲಿ ಹಾದಾಗ ಓಲಾಡಲು ಶುರುಮಾಡುತ್ತದೆ, ಆಮೇಲೆ ಕಾರನ್ನೂ ಎಳೆದಾಡುತ್ತದೆ.

ಖಾಲಿ ತೂಕ 3,200ರ ಆಸುಪಾಸಿನದನ್ನು ಹುಡುಕಿ. ನೀರಿನ ಟ್ಯಾಂಕ್ ಖಾಲಿ ಇಟ್ಟರೆ 3,734, ಮೂತಿಯ ಭಾರ ಸುಮಾರು 450. ಟ್ರಕ್ ನಿಲ್ದಾಣದ ವೇ ಬ್ರಿಡ್ಜ್‌ನಲ್ಲಿ ಕಾರನ್ನು ಒಂಟಿಯಾಗಿ ಒಮ್ಮೆ, ಟ್ರೇಲರ್ ಸಿಕ್ಕಿಸಿ ಇನ್ನೊಮ್ಮೆ ತೂಗಿಸಿ. ಕಾರಿನ ಎರಡು ಆಕ್ಸಲ್‌ಗಳ ಮೇಲೆ ಏರಿದ ತೂಕವೇ ನಿಜವಾದ ಟಂಗ್ ವೇಟ್. ಡ್ರೈವರ್ ಬಾಗಿಲ ಚೌಕಟ್ಟಿನಲ್ಲಿ ಬರೆದಿರುವ, ಕಾರು ಹೊರಬಹುದಾದ ಭಾರದ ಮಿತಿಯಾದ ಪೇಲೋಡ್‌ನೊಳಗೆ ಈ ಭಾರ, ನೀವು ನಾಲ್ವರು, ಡಿಕ್ಕಿಯ ಸಾಮಾನು ಎಲ್ಲವೂ ಸೇರಬೇಕು.

ಮರುಪ್ರಶ್ನೆ: ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಿಸಿದರೆ 500ರ ಮಿತಿ ಏರುವುದಿಲ್ಲವೇ?

ಉತ್ತರ: ಚೀಟಿಯಲ್ಲೋ ಮ್ಯಾನ್ಯುಯಲ್‌ನಲ್ಲೋ ಹಾಗೆ ಬರೆದಿದ್ದರೆ ಮಾತ್ರ. ಅದು ಹಿಂದಿನ ಚಕ್ರದ ಭಾರವನ್ನು ಮುಂದಕ್ಕೆ ಹಂಚುತ್ತದೆ, ಕಾರಿನ ಬಲ ಹೆಚ್ಚಿಸುವುದಿಲ್ಲ. ಕೆಲವು ಎಸ್‌ಯುವಿಗಳಿಗೆ ಅದನ್ನು ಹಾಕಲೇಬಾರದು.

ಟ್ರೇಲರ್ ಬ್ರೇಕನ್ನು ಕಾರಿನಿಂದಲೇ ನಡೆಸುವ ಬ್ರೇಕ್ ಕಂಟ್ರೋಲರ್ ಮಾತ್ರ ಬೇಕೇ ಬೇಕು. ಒಣಗಿದ ಸಮತಟ್ಟು ರಸ್ತೆಯಲ್ಲಿ ಗಂಟೆಗೆ 25 ಮೈಲಿ ವೇಗದಲ್ಲಿ ಕೈಯಲ್ಲಿ ಒತ್ತಿ ನೋಡಿ. ಟ್ರೇಲರ್ ಚಕ್ರ ಲಾಕ್ ಆಗುವವರೆಗೆ ಗೇನ್ (ಬ್ರೇಕ್ ಹಿಡಿಯುವ ಬಲ) ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ. ದಾರಿಯಲ್ಲಿ ಸಿಗುವ ಕೊಕ್ವಿಹಾಲ ಹೆದ್ದಾರಿಯಲ್ಲೂ ಫೀಲ್ಡ್ ಊರಿನ ಕಡೆಗೂ ಉದ್ದನೆಯ ಇಳಿಜಾರುಗಳಿವೆ. ಇಳಿಯುವ ಮೊದಲೇ ಕೆಳಗಿನ ಗೇರ್‌ಗೆ ಬನ್ನಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಲೈನಿಂಗ್ ಕಾದು ಹಿಡಿತ ಹೋಗುತ್ತದೆ. ಬೋರ್ಡ್ 120 ಕಿ.ಮೀ. ಎಂದರೂ ನೀವು 100 ದಾಟಬೇಡಿ. ಎಷ್ಟೋ ಟ್ರೇಲರ್ ಟೈರ್‌ಗಳ ಮಿತಿ 105. ಟೈರ್ ಗೋಡೆಯ ಮೇಲಿನ ಡಾಟ್ (DOT) ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2218 ಎಂದಿದ್ದರೆ ಅದು 2018ರ 22ನೇ ವಾರದ್ದು. ಅಷ್ಟು ಹಳೆಯದಾದರೆ ಬೇರೆ ಟೈರ್ ಹಾಕಿಸಿಕೊಡಲು ಮಾಲೀಕರಿಗೆ ಹೇಳಿ. ಚಕ್ರದ ನಟ್‌ಗಳನ್ನು ಮೊದಲ 50 ಮೈಲಿ ಆದಮೇಲೆ ಟಾರ್ಕ್ ರೆಂಚ್‌ನಲ್ಲಿ ಮತ್ತೆ ನೋಡಿ.

ಮರುಪ್ರಶ್ನೆ: ಗಡಿಯಲ್ಲಿ ಏನೇನು ಕೇಳುತ್ತಾರೆ? ನಾವು ಎಚ್-1ಬಿ.

ಉತ್ತರ: ಭಾರತದ ಪಾಸ್‌ಪೋರ್ಟ್, ಎಚ್-1ಬಿ ಎಂದರೆ ನಾಲ್ವರಲ್ಲಿ ಭಾರತೀಯ ಪಾಸ್‌ಪೋರ್ಟ್ ಇರುವವರಿಗೆಲ್ಲ ಕೆನಡಾದ ವಿಸಿಟರ್ ವೀಸಾ ಬೇಕು. ಟ್ರೇಲರ್‌ನ ನೋಂದಣಿ ಪತ್ರ, ಗಡಿ ದಾಟಿಸಲು ಮಾಲೀಕರು ಸಹಿ ಹಾಕಿದ ಒಪ್ಪಿಗೆ ಪತ್ರ, ವಿಮಾ ಕಂಪನಿಯಿಂದ ಕೆನಡಾದ ಹೊಣೆಗಾರಿಕೆ ವಿಮೆಯ ಕಾರ್ಡ್ ಇಟ್ಟುಕೊಳ್ಳಿ. ಸೌದೆ ಒಯ್ಯಬೇಡಿ, ಅಲ್ಲೇ ಕೊಳ್ಳಿ. ಮನುಷ್ಯರಿಗೆಂದು ಮಾಡಿದ ಪೆಪ್ಪರ್ ಸ್ಪ್ರೇ ನಿಷಿದ್ಧ. ಕರಡಿ ಸ್ಪ್ರೇ ಎಂದು ಲೇಬಲ್ ಇದ್ದರೆ ತೊಂದರೆಯಿಲ್ಲ. ವಾಪಸ್ ಬರುವಾಗ ಹಸಿ ಕರಿಬೇವು ತರಬೇಡಿ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರಲ್ಲಿ ಬದುಕುವುದರಿಂದ ಅಮೆರಿಕ ಒಳಗೆ ಬಿಡುವುದಿಲ್ಲ.

ಫೀಲ್ಡ್ ಹತ್ತಿರದ ಟಕಕಾ ಜಲಪಾತದ ರಸ್ತೆಗೆ ಟ್ರೇಲರ್ ಒಯ್ಯುವಂತಿಲ್ಲ, ತಿರುವುಗಳು ಅಷ್ಟು ಕಡಿದು. ಮೊರೇನ್ ಸರೋವರಕ್ಕೆ 2023ರಿಂದ ಸ್ವಂತ ಕಾರನ್ನೂ ಬಿಡುವುದಿಲ್ಲ, ಪಾರ್ಕ್ಸ್ ಕೆನಡಾದ ಬಸ್ ಟಿಕೆಟ್ ಮುಂಚೆಯೇ ಕಾದಿರಿಸಿ.