ವಿಎಂ ನಿದ್ದೆಯಿಂದ ಎದ್ದ ಕೂಡಲೇ ನೆಟ್‌ವರ್ಕ್ ಡ್ರೈವರ್ ಕ್ರ್ಯಾಶ್, ಅದೂ ಕೆಲವು ಸಲ ಮಾತ್ರ

ಪ್ರಶ್ನೆ – ಉಡುಪಿಯಿಂದ

ಎಲ್ಲರಿಗೂ ನಮಸ್ಕಾರ. ಲಿನಕ್ಸ್ ಡ್ರೈವರ್ ಬರೆಯಲು ಕಲಿಯಬೇಕು ಅಂತ ರಿಯಲ್‌ಟೆಕ್ 8139 ನೆಟ್‌ವರ್ಕ್ ಕಾರ್ಡಿಗೆ ನಾನೇ ಒಂದು ಸಣ್ಣ ಡ್ರೈವರ್ ಬರೆದಿದ್ದೇನೆ. ನಿಜವಾದ ಕಾರ್ಡ್ ನನ್ನ ಹತ್ತಿರ ಇಲ್ಲ. ಕ್ಯೂಎಮು (ಕಂಪ್ಯೂಟರ್ ಒಳಗೇ ಇನ್ನೊಂದು ನಕಲಿ ಕಂಪ್ಯೂಟರ್, ಅಂದರೆ ವಿಎಂ, ಓಡಿಸುವ ತಂತ್ರಾಂಶ) ಒಳಗೆ ಆ ಕಾರ್ಡಿನ ನಕಲು ಉಂಟಲ್ಲ, ಅದರ ಮೇಲೆಯೇ ಎಲ್ಲಾ ಪ್ರಯೋಗ. ಪಿಂಗ್ ಹೋಗುತ್ತದೆ, ದೊಡ್ಡ ಫೈಲ್ ಕೂಡ ಕಾಪಿ ಆಗುತ್ತದೆ.

ತೊಂದರೆ ಇರುವುದು ಮಲಗಿಸುವಾಗ. ಈಗ ಮಳೆಗಾಲ, ಗುಡುಗು ಶುರುವಾದರೆ ಕರೆಂಟ್ ಇರುವುದಿಲ್ಲ. ಆಗ ವಿಎಂ ಸಸ್ಪೆಂಡ್ ಮಾಡಿ ಕೆಲಸ ನಿಲ್ಲಿಸುತ್ತೇನೆ. ಮತ್ತೆ ಎಬ್ಬಿಸಿದರೆ ಪರದೆ ಕಪ್ಪು. ಕೆಲವು ಸಲ ಸರಿಯಾಗಿಯೇ ಏಳುತ್ತದೆ, ಅದೇ ತಲೆ ತಿನ್ನುವುದು. ನ್ಯಾಪಿ (ಬಂದ ಪ್ಯಾಕೆಟ್‌ಗಳನ್ನು ಗುಂಪಾಗಿ ಎತ್ತಿಕೊಳ್ಳುವ ಲಿನಕ್ಸ್ ವ್ಯವಸ್ಥೆ) ನಿಲ್ಲಿಸದೆ ಮಲಗಿಸಿದ್ದೇ ತಪ್ಪೇನೋ ಅಂತ ಸಸ್ಪೆಂಡ್ ಫಂಕ್ಷನ್‌ಗೆ ನ್ಯಾಪಿ ಡಿಸೇಬಲ್ ಸೇರಿಸಿದೆ. ಈಗ ಕೆಲವು ಸಲ ಮಲಗುವುದೇ ಇಲ್ಲ, ಅಲ್ಲೇ ಹ್ಯಾಂಗ್. ಸಿಸ್ಟಮ್ ಲಾಗ್ ಆದ ಜರ್ನಲ್‌ನಲ್ಲಿ ಒಂದು ಸಾಲೂ ಸಿಗುತ್ತಿಲ್ಲ. ಮೂರು ರಾತ್ರಿ ಹೋಯಿತು. ಎಲ್ಲಿಂದ ಹುಡುಕಲಿ?

ಉತ್ತರ – ಸುರತ್ಕಲ್‌ನಿಂದ

ಮೊದಲು ಒಂದು ವಿಷಯ ಹೇಳಿ ಮಾರಾಯ್ರೆ. ಮಲಗಿಸುವುದು ಯಾರು? ಹೋಸ್ಟ್‌ನಿಂದ, ಅಂದರೆ ವಿಎಂ ಓಡಿಸುವ ನಿಜವಾದ ಕಂಪ್ಯೂಟರ್‌ನಿಂದ, ವಿರ್ಶ್ ಸಸ್ಪೆಂಡ್ ಕಮಾಂಡ್ ಕೊಟ್ಟರೆ ವಿಎಂನ ಸಿಪಿಯು ನಿಲ್ಲುತ್ತದೆ, ಅಷ್ಟೆ. ಒಳಗಿನ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಅದು ಗೊತ್ತೇ ಆಗುವುದಿಲ್ಲ. ನಿಮ್ಮ ಸಸ್ಪೆಂಡ್ ಫಂಕ್ಷನ್ ಓಡುವುದೂ ಇಲ್ಲ. ವಿಎಂ ಸ್ಥಿತಿಯನ್ನು ಫೈಲ್‌ಗೆ ಉಳಿಸುವ ಮ್ಯಾನೇಜ್ಡ್ ಸೇವ್ ಕೂಡ ಹಾಗೆಯೇ. ಡ್ರೈವರ್‌ನ ಸರದಿ ಬರುವುದು ಗೆಸ್ಟ್ (ವಿಎಂ ಒಳಗಿನ ಸಿಸ್ಟಮ್) ತಾನೇ ಮಲಗಿದಾಗ, ಅಂದರೆ ಎಸ್3 (ಮೆಮೊರಿಗೆ ಮಾತ್ರ ಕರೆಂಟ್ ಉಳಿಯುವ ನಿದ್ದೆ) ಅಥವಾ ಹೈಬರ್ನೇಟ್‌ಗೆ ಹೋದಾಗ. ಎರಡೂ ಸಸ್ಪೆಂಡೇ ಅಂತ ಕಲಸಿದರೆ ಸುಮ್ನೆ ದಿನ ಹಾಳು.

ಆಮೇಲೆ ಲಾಗ್. ಜರ್ನಲ್ ನಂಬಬೇಡಿ. ಕ್ರ್ಯಾಶ್ ಆಗುವ ಹೊತ್ತಿಗೆ ಅದನ್ನು ಡಿಸ್ಕಿಗೆ ಬರೆಯಲು ಯಾರೂ ಎದ್ದಿರುವುದಿಲ್ಲ. ವಿಎಂಗೆ ಒಂದು ಸೀರಿಯಲ್ ಪೋರ್ಟ್ ಕೊಡಿ, ಅದರ ಔಟ್‌ಪುಟ್ ಹೋಸ್ಟ್‌ನ ಒಂದು ಫೈಲ್‌ಗೆ ಬೀಳಲಿ. ಕರ್ನಲ್ ಕಮಾಂಡ್‌ಲೈನ್‌ನಲ್ಲಿ ಕನ್ಸೋಲ್ ಅಂತ ಆ ಪೋರ್ಟ್ ತೋರಿಸಿ. ಜೊತೆಗೆ ನೋ-ಕನ್ಸೋಲ್-ಸಸ್ಪೆಂಡ್ ಕೂಡ ಹಾಕಿ. ಅದಿಲ್ಲದಿದ್ದರೆ ಮಲಗುವಾಗ ಕನ್ಸೋಲ್ ಕೂಡ ಮಲಗುತ್ತದೆ, ಬೇಕಾದ ಸಾಲುಗಳೇ ತಪ್ಪಿ ಹೋಗುತ್ತವೆ. ಕರ್ನಲ್ ನೀವೇ ಬಿಲ್ಡ್ ಮಾಡುವುದಾದರೆ ಡಿಪಿಎಂ ವಾಚ್‌ಡಾಗ್ ಆನ್ ಮಾಡಿ. ಯಾವುದಾದರೂ ಡ್ರೈವರ್ ಮಲಗಲಿಕ್ಕೆ ಹೋಗಿ ಸಿಕ್ಕಿಹಾಕಿಕೊಂಡರೆ ಅದು ಪ್ಯಾನಿಕ್ ಮಾಡಿ (ಸಿಸ್ಟಮ್ ನಿಲ್ಲಿಸಿ) ಸ್ಟ್ಯಾಕ್, ಅಂದರೆ ಯಾವ ಫಂಕ್ಷನ್‌ನಲ್ಲಿ ಸಿಕ್ಕಿಕೊಂಡಿತು ಅಂತ, ತೋರಿಸುತ್ತದೆ. ನಿಮ್ಮ ಹ್ಯಾಂಗ್‌ಗೆ ಇದೇ ಮದ್ದು.

ಇನ್ನೊಂದು, ಪಿಎಂ ಟೆಸ್ಟ್. ಸಿಸ್ ಒಳಗಿನ ಪವರ್ ಫೋಲ್ಡರ್‌ನಲ್ಲಿ ಆ ಹೆಸರಿನ ಫೈಲ್ ಉಂಟು. ಅದಕ್ಕೆ ಡಿವೈಸಸ್ ಅಂತ ಬರೆದು ಮಲಗಿಸಿದರೆ ಕರ್ನಲ್ ಎಲ್ಲಾ ಡಿವೈಸ್‌ಗಳನ್ನು ಮಲಗಿಸಿ, 5 ಸೆಕೆಂಡ್ ಕಾದು, ಎಬ್ಬಿಸುತ್ತದೆ. ನಿಜವಾಗಿ ಯಂತ್ರ ಮಲಗುವುದಿಲ್ಲ. ಅಲ್ಲೇ ಬಿದ್ದರೆ ತಪ್ಪು ಕೋಡ್‌ನ ದಾರಿಯಲ್ಲಿ. ಅಲ್ಲಿ ಪಾಸಾಗಿ ನಿಜವಾದ ಎಸ್3ನಲ್ಲಿ ಬಿದ್ದರೆ ಕಾರ್ಡಿನ ರಿಜಿಸ್ಟರ್‌ಗಳ (ಕಾರ್ಡ್ ಒಳಗಿನ ಸೆಟ್ಟಿಂಗ್ ಜಾಗಗಳ) ಮೇಲೆ ಅನುಮಾನ ಪಡಿ. ಯಾಕೆಂದರೆ ಎಸ್3ನಿಂದ ಏಳುವಾಗ ಕ್ಯೂಎಮು ನಕಲಿ ಕಾರ್ಡನ್ನು ರೀಸೆಟ್ ಮಾಡಿರುತ್ತದೆ. ರಿಂಗ್ ಬಫರ್‌ನ (ಪ್ಯಾಕೆಟ್ ಬಂದು ಬೀಳುವ ಮೆಮೊರಿಯ) ವಿಳಾಸವನ್ನು ನೀವೇ ಮತ್ತೆ ಬರೆಯಬೇಕು.

ಉಡುಪಿಯಿಂದ ಮತ್ತೆ

ತುಂಬಾ ಉಪಕಾರ ಆಯಿತು. ಗೆಸ್ಟ್ ಒಳಗಿನಿಂದಲೇ ಮಲಗಿಸುತ್ತಿದ್ದೆ, ಹಾಗಾಗಿ ಡ್ರೈವರ್ ಓಡುತ್ತಿತ್ತು. ಸೀರಿಯಲ್ ಫೈಲ್‌ನಲ್ಲಿ ಈಗ ಎಲ್ಲಾ ಸಿಗುತ್ತಿದೆ. ನ್ಯಾಪಿ ಡಿಸೇಬಲ್ ತೆಗೆದು ನೋಡಿದರೆ ರಿಸ್ಯೂಮ್‌ನಲ್ಲಿ ನಲ್ ಪಾಯಿಂಟರ್ (ಯಾವ ಮೆಮೊರಿಯನ್ನೂ ತೋರಿಸದ ವಿಳಾಸ) ಕ್ರ್ಯಾಶ್. ಕರ್ನಲ್ ಸೋರ್ಸ್ ಜೊತೆ ಬರುವ ಫ್ಯಾಡರ್2ಲೈನ್ ಸ್ಕ್ರಿಪ್ಟ್‌ಗೆ ಕ್ರ್ಯಾಶ್ ಆದ ಜಾಗ ಕೊಟ್ಟಾಗ ಸಾಲು ಕೂಡ ಸಿಕ್ಕಿತು, ರಿಸೀವ್ ರಿಂಗ್‌ಗೆ ಸೊನ್ನೆ ತುಂಬುವ ಜಾಗ. ನ್ಯಾಪಿ ಡಿಸೇಬಲ್ ವಾಪಸ್ ಹಾಕಿದರೆ ವಾಚ್‌ಡಾಗ್ ಆ ನ್ಯಾಪಿ ಡಿಸೇಬಲ್ ಸಾಲಿನಲ್ಲೇ ನಿಲ್ಲಿಸುತ್ತದೆ.

ಆದರೆ ಇದು ನೋಡಿ. ಪವರ್ ಫೋಲ್ಡರ್‌ನ ಸ್ಟೇಟ್ ಫೈಲ್‌ಗೆ ನೇರವಾಗಿ ಮೆಮ್ ಅಂತ ಬರೆದು ಮಲಗಿಸಿದರೆ ಒಂದು ಸಲವೂ ಬೀಳುವುದಿಲ್ಲ. ಸಿಸ್ಟಮ್‌ಸಿಟಿಎಲ್ ಸಸ್ಪೆಂಡ್ ಕಮಾಂಡ್ ಕೊಟ್ಟರೆ ಪ್ರತಿ ಸಲ ಬೀಳುತ್ತದೆ. ಎರಡೂ ಮಲಗಿಸುವುದು ಒಂದೇ ಅಲ್ವಾ?

ಸುರತ್ಕಲ್‌ನಿಂದ

ಸಿಕ್ಕಿತು! ಒಂದೇ ಅಲ್ಲ. ಸಿಸ್ಟಮ್‌ಸಿಟಿಎಲ್ ದಾರಿಯಲ್ಲಿ ಹೋದರೆ ಮಲಗುವ ಮೊದಲು ನೆಟ್‌ವರ್ಕ್ ಮ್ಯಾನೇಜರ್‌ಗೆ ಸುದ್ದಿ ಹೋಗುತ್ತದೆ. ಅದು ನಿಮ್ಮ ಇಂಟರ್‌ಫೇಸ್ ಅನ್ನು ಡೌನ್ ಮಾಡಿಬಿಡುತ್ತದೆ. ಆಗ ನಿಮ್ಮ ಸ್ಟಾಪ್ ಫಂಕ್ಷನ್ ನ್ಯಾಪಿ ನಿಲ್ಲಿಸಿ, ರಿಂಗ್ ಬಫರ್ ಬಿಡುಗಡೆ ಮಾಡಿ, ಪಾಯಿಂಟರ್ ನಲ್ ಮಾಡಿರುತ್ತದೆ ಅಲ್ವಾ? ಅದರ ಮೇಲೆ ಸಸ್ಪೆಂಡ್ ಬಂದು ಇನ್ನೊಮ್ಮೆ ನ್ಯಾಪಿ ಡಿಸೇಬಲ್ ಕರೆಯುತ್ತದೆ. ಎರಡು ಸಲ ಕರೆದರೆ ಅದು ಡೆಡ್‌ಲಾಕ್ (ಎಂದೂ ಮುಗಿಯದ ಕಾಯುವಿಕೆ) ಆಗುತ್ತದೆ ಅಂತ ಕರ್ನಲ್‌ನ ನ್ಯಾಪಿ ದಾಖಲೆಯಲ್ಲೇ ಬರೆದಿದ್ದಾರೆ. ಆ ಸಾಲು ತೆಗೆದರೆ ರಿಸ್ಯೂಮ್ ಹೋಗಿ ಇಲ್ಲದ ರಿಂಗ್ ಮುಟ್ಟುತ್ತದೆ. ಹ್ಯಾಂಗ್, ಕ್ರ್ಯಾಶ್ ಎರಡಕ್ಕೂ ಬೇರು ಒಂದೇ.

ಕರ್ನಲ್ ಜೊತೆ ಬರುವ 8139ಟೂ ಡ್ರೈವರ್ ತೆರೆದು ನೋಡಿ. ಸಸ್ಪೆಂಡ್, ರಿಸ್ಯೂಮ್ ಎರಡರಲ್ಲೂ ಮೊದಲ ಕೆಲಸವೇ ನೆಟಿಫ್-ರನ್ನಿಂಗ್ ಕೇಳುವುದು. ಇಂಟರ್‌ಫೇಸ್ ಓಡುತ್ತಿಲ್ಲ ಅಂದರೆ ಸೊನ್ನೆ ಹಿಂದಿರುಗಿಸಿ ಹೊರಡುತ್ತದೆ. ನೀವೂ ಹಾಗೇ ಮಾಡಿ. ಓಡುತ್ತಿದ್ದರೆ ಮೊದಲು ಡಿವೈಸ್ ಡಿಟ್ಯಾಚ್, ಆಮೇಲೆ ನ್ಯಾಪಿ ಡಿಸೇಬಲ್, ಕೊನೆಗೆ ಹಾರ್ಡ್‌ವೇರ್ ನಿಲ್ಲಿಸಿ. ಏಳುವಾಗ ಮೊದಲು ರಿಂಗ್ ಮತ್ತು ರಿಜಿಸ್ಟರ್, ಆಮೇಲೆ ನ್ಯಾಪಿ, ಇಂಟರಪ್ಟ್, ಕೊನೆಗೆ ಅಟ್ಯಾಚ್.

ಉಡುಪಿಯಿಂದ

ಎರಡು ಕಡೆ ಎರಡೆರಡು ಸಾಲು ಸೇರಿಸಿದೆ, ಎದ್ದಿತು! ಈಗ ಗಡಿಯಾರದ ಅಲಾರಂ ಇಟ್ಟು ಎಬ್ಬಿಸುವ ಆರ್‌ಟಿಸಿವೇಕ್‌ನಿಂದ 50 ಸಲ ಮಲಗಿಸಿ ಎಬ್ಬಿಸಿದೆ, ಎಲ್ಲಾ ಪಾಸ್.

ಸುರತ್ಕಲ್‌ನಿಂದ

ಖುಷಿ ಆಯಿತು. ಆದರೆ ಆರ್‌ಟಿಸಿವೇಕ್‌ನ ಮೆಮ್ ಮೋಡ್ ಕೂಡ ನೇರವಾಗಿ ಸ್ಟೇಟ್ ಫೈಲ್‌ಗೇ ಬರೆಯುತ್ತದೆ. ಅಂದರೆ ನಿಮ್ಮ ಹಳೆಯ ಡ್ರೈವರ್ ಕೂಡ ಆ 50ರಲ್ಲಿ ಪಾಸಾಗುತ್ತಿತ್ತು. ಮೋಡ್‌ಗೆ ನೋ ಅಂತ ಕೊಟ್ಟು ಬರೀ ಅಲಾರಂ ಇಡಿ, 30 ಸೆಕೆಂಡ್ ಸಾಕು. ಮಲಗಿಸುವುದನ್ನು ಸಿಸ್ಟಮ್‌ಸಿಟಿಎಲ್‌ಗೆ ಬಿಡಿ.

ಉಡುಪಿಯಿಂದ

ಹಾಗೇ ಮಾಡಿದೆ. ಹಳೆಯ ಮಾಡ್ಯೂಲ್ ಹಾಕಿದರೆ ಮೊದಲ ಸಲಕ್ಕೇ ಬಿತ್ತು. ಹೊಸದು 50ಕ್ಕೆ 50.