ಮಾಯದ ಗಾಯ: ತಾವೇ ಮಾಡಿಕೊಂಡದ್ದಾ, ಕೇಳುವುದು ಹೇಗೆ?

ವಾರ್ಡಿಗೆ ಹೊಸದಾಗಿ ಬಂದ ಡಾಕ್ಟರ್ ನಾನು. ಒಬ್ಬ ರೋಗಿಯ ಎಡ ಮುಂಗೈ ಗಾಯ ಮೂರು ತಿಂಗಳಾದರೂ ಮಾಯುತ್ತಿಲ್ಲ. ರಕ್ತ ಪರೀಕ್ಷೆಗಳೆಲ್ಲ ಸರಿಯಾಗಿವೆ. ತಾವೇ ಮಾಡಿಕೊಳ್ಳುತ್ತಿದ್ದಾರಾ ಅಂತ ಅನುಮಾನ. ಅನುಭವ ಇದ್ದವರು ಹೇಳ್ತೀರಾ?

— ಚರ್ಮದ ವಿಭಾಗದಲ್ಲಿ ಬಹಳ ವರ್ಷದಿಂದ ಇದ್ದೇನೆ. ಮೊದಲು ಅಂಚು ನೋಡಿ. ಕಾಯಿಲೆಯ ಹುಣ್ಣಿಗೆ ನೇರ ಗೆರೆ, ಚೂಪು ಮೂಲೆ ಅಪರೂಪ. ಸುತ್ತಲಿನ ಚರ್ಮ ಪೂರ್ತಿ ಚೆನ್ನಾಗಿದ್ದರೆ ಇನ್ನಷ್ಟು ಯೋಚಿಸಿ. ಇಂಥ ಗಾಯಗಳು ಕೈಗೆ ಎಟಕುವಲ್ಲೇ ಜಾಸ್ತಿ. ಬೆನ್ನಿನ ನಡುಭಾಗ ಸಾಮಾನ್ಯವಾಗಿ ಚೊಕ್ಕವಾಗಿರುತ್ತದೆ. ಹೇಗೆ ಶುರುವಾಯಿತು ಅಂತ ಕೇಳಿದರೆ, 'ಬೆಳಗ್ಗೆ ಎದ್ದಾಗ ಇತ್ತು' ಅಷ್ಟೇ. ಮೊದಲು ಕೆಂಪಾಗಿತ್ತಾ, ಗುಳ್ಳೆ ಎದ್ದಿತ್ತಾ, ಏನೂ ಸಿಗುವುದಿಲ್ಲ. ಬಿಗಿಯಾಗಿ ಮುಚ್ಚಿದ ಡ್ರೆಸ್ಸಿಂಗ್ ಕೆಳಗೆ ಮಾಯ್ದು, ಬಿಚ್ಚಿದ ಮೇಲೆ ಮತ್ತೆ ಕೆದರಿದರೆ ಅದೂ ಸುಳಿವು.

ಆದರೆ ಸುಳಿವು ಸಾಕ್ಷಿಯಲ್ಲ. ಒಬ್ಬ ಹೆಂಗಸಿನ ಕಾಲಿನ ಹುಣ್ಣು ನೋಡಿ ನಾನು ಅವಸರಪಟ್ಟು ಫೈಲಿನಲ್ಲಿ ಈ ಅನುಮಾನ ಬರೆದುಬಿಟ್ಟೆ. ಅದು ಪಯೋಡರ್ಮಾ ಗ್ಯಾಂಗ್ರಿನೋಸಮ್ ಆಗಿತ್ತು, ಅಂದರೆ ತಾನಾಗಿಯೇ ನೋವಿನ ಹುಣ್ಣು ಏಳುವ ಚರ್ಮದ ಕಾಯಿಲೆ. ಬಯಾಪ್ಸಿ ಮಾಡಿಸುವ ಹೊತ್ತಿಗೆ ಆ ಒಂದು ಸಾಲು ಓದಿದ ಯಾರೂ ಆಕೆಯ ನೋವನ್ನು ನಂಬುತ್ತಿರಲಿಲ್ಲ. ಇವತ್ತಿಗೂ ಸಂಕಟವಾಗುತ್ತದೆ. ಮೊದಲು ಬೇರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಿ, ಆಮೇಲೆ ಬರೆಯಿರಿ.

— ಮೇಲೆ ಹೇಳಿದ್ದು ನಿಜ. ಇನ್ನೊಂದು, ಬೇಕಂತಲೇ ಕಾಯಿಲೆ ನಟಿಸುವವರಿಗೆ, ತಂದುಕೊಳ್ಳುವವರಿಗೆ ಹೇಳುವ 'ಮಂಚೌಸೆನ್' ಅನ್ನೋ ಹೆಸರನ್ನು ರೌಂಡ್ಸಿನಲ್ಲಿ ಹಾಸಿಗೆ ಪಕ್ಕ ನಿಂತು ಅನ್ನಬೇಡಿ. 1951ರಲ್ಲಿ ಬ್ರಿಟಿಷ್ ವೈದ್ಯ ರಿಚರ್ಡ್ ಆಶರ್ ಆ ಹೆಸರಿಟ್ಟಿದ್ದು ಬಡಾಯಿ ಕಥೆಗಳ ಬ್ಯಾರನ್ ಮಂಚೌಸೆನ್‌ನಿಂದ. ರೋಗಿಗೆ ಅದು ಸುಳ್ಳುಗಾರ ಅಂತ ಬೈದ ಹಾಗೆ.

— ಮನೋರೋಗ ವಿಭಾಗದ ನರ್ಸ್ ನಾನು. ಮನೆಯವರನ್ನು ಹೊರಗೆ ಕಳಿಸಿ, ಕುಳಿತುಕೊಂಡು ಕೇಳಿ. ನಾನು ಹೀಗೆ ಕೇಳುತ್ತೇನೆ: 'ಮನಸ್ಸಿಗೆ ತಡೆಯಲಾಗದಷ್ಟು ಭಾರವಾದಾಗ ಕೆಲವರು ಮೈಗೆ ನೋವು ಮಾಡಿಕೊಳ್ಳುತ್ತಾರೆ. ನಿಮಗೂ ಹಾಗೆ ಆಗಿದೆಯಾ?' ಇಲ್ಲ ಅಂದರೆ ವಾದ ಬೇಡ. ಸಾಯುವ ಯೋಚನೆ ಬರುತ್ತದಾ ಅಂತಲೂ ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಮನೋವೈದ್ಯರನ್ನು ಕರೆಸಿ. ಆಮೇಲೂ ಗಾಯದ ಡ್ರೆಸ್ಸಿಂಗ್ ನೀವೇ ಮುಂದುವರಿಸಿ. ಬೇರೆ ವಿಭಾಗಕ್ಕೆ ಕಳಿಸಿ ಕೈತೊಳೆದುಕೊಂಡರೆ ಅವರು ಮತ್ತೆ ಬಾಯಿ ಬಿಡುವುದಿಲ್ಲ. ನನಗೊಬ್ಬ ರೋಗಿ ನಿಜ ಹೇಳಿದ್ದು ಆರನೇ ಸಲ ಡ್ರೆಸ್ಸಿಂಗ್ ಮಾಡುವಾಗ. ಅವತ್ತು ನಾನು ಏನನ್ನೂ ಕೇಳಿರಲಿಲ್ಲ.